‘ಒಂದು ಪೇ ಬಟನ್ ಹಾಕಿಕೊಡಿ’: ವೆಬ್‌ಸೈಟ್‌ಗೆ ಪೇಮೆಂಟ್ ಜೋಡಿಸುವ ಕೆಲಸಕ್ಕೆ ದಿನ, ದುಡ್ಡು ಹೇಳುವ ಮುನ್ನ

ತುಮಕೂರಿನ ಗುಬ್ಬಿ ಗೇಟ್ ಕಡೆ ಒಂದು ಮರದ ಗಾಣದ ಎಣ್ಣೆ ಅಂಗಡಿ. ಮೂರು ವರ್ಷದ ಹಿಂದೆ ಅದರ ಯಜಮಾನರು ನನ್ನನ್ನು ಕರೆಸಿ, ಡಬ್ಬಗಳ ನಡುವೆ ಒಂದು ಸ್ಟೂಲ್ ಹಾಕಿ ಕೂರಿಸಿದರು. “ವೆಬ್‌ಸೈಟ್ ಚೆನ್ನಾಗಿ ಮಾಡ್ಕೊಟ್ಟಿದೀರ ಸಾರ್. ಈಗ ಅದಕ್ಕೊಂದು ಪೇ ಬಟನ್ ಹಾಕಿಕೊಡಿ. ಜನ ಫೋನ್ ಮಾಡಿ ಆರ್ಡರ್ ಹೇಳೋದು, ನಾನು ವಾಟ್ಸಾಪಲ್ಲಿ ಕ್ಯೂಆರ್ ಕಳಿಸೋದು, ಅವರು ಸ್ಕ್ರೀನ್‌ಶಾಟ್ ಕಳಿಸೋದು, ಸಾಕಾಗೋಗಿದೆ.”

ನಾನು ತಲೆಯಲ್ಲೇ ಲೆಕ್ಕ ಹಾಕಿದೆ. ಸೈಟ್‌ಗೆ ಜೋಡಿಸುವ ಸಿದ್ಧ ತುಣುಕು, ಪ್ಲಗಿನ್, ಇದೆ. ಆನ್‌ಲೈನ್ ಹಣ ಪಡೆದು ಅಂಗಡಿಗೆ ಮುಟ್ಟಿಸುವ ಕಂಪನಿ, ಅಂದರೆ ಗೇಟ್‌ವೇ, ಕೊಡುವ ಕೀ (ಗುಟ್ಟಿನ ಸಂಕೇತ) ಹಾಕಿದರೆ ಆಯ್ತು. “ಮೂರು ದಿನ ಸಾರ್, ಎಂಟು ಸಾವಿರ” ಅಂದುಬಿಟ್ಟೆ.

ಕೆಲಸ ಮುಗಿದದ್ದು ಏಳು ವಾರಕ್ಕೆ. ದುಡ್ಡು ಮಾತ್ರ ಎಂಟು ಸಾವಿರವೇ, ಯಾಕೆಂದರೆ ಮಾತು ಕೊಟ್ಟಾಗಿತ್ತು.

ತಮಾಷೆ ಅಂದ್ರೆ, ಬಟನ್ ಮೊದಲ ದಿನ ಸಂಜೆಗೇ ಕೆಲಸ ಮಾಡಿತ್ತು. ನಿಜವಾದ ಹಣ ಹೋಗದ ಟೆಸ್ಟ್ ಮೋಡ್‌ನಲ್ಲಿ ಒತ್ತಿದೆ, ಹಸಿರು ಟಿಕ್ ಬಂತು, ಟೀ ಕುಡಿದೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಊರೊಳಗೆ ನಿಂತು ನೋಡಿದರೆ ಯಾರೋ ಉಜ್ಜಿ ಇಟ್ಟ ಗುಂಡುಕಲ್ಲು ಅನ್ನಿಸುತ್ತದೆ. ಅರ್ಧ ಹತ್ತಿ ಕಂಬಿ ಹಿಡಿದು ನಿಂತಾಗ ಕಾಲು ನಡುಗುತ್ತದೆ.

ನಮ್ಮಂಥ ಊರುಗಳಲ್ಲಿ ಅಂಗಡಿಗಳಿಗೆ, ಸಣ್ಣ ಸಂಸ್ಥೆಗಳಿಗೆ ಸೈಟ್ ಮಾಡಿಕೊಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಡಿಸಿಕೊಳ್ಳುವವರು ಓದಿದರೂ ಒಳ್ಳೆಯದೇ. ನಾನು ಆ ಏಳು ವಾರದಲ್ಲಿ ಕಲಿತದ್ದು ಇಷ್ಟು: ಬಟನ್ ಒತ್ತಿ ಹಣ ಕಳಿಸುವುದು ಸಣ್ಣ ಭಾಗ. ಗ್ರಾಹಕರ ಖಾತೆಯಿಂದ ಹಣ ಹೋಗಿದೆ, ನಮ್ಮ ಸೈಟ್‌ಗೆ ಅದು ಗೊತ್ತಿಲ್ಲ ಅನ್ನುವ ಆ ನಡುವಿನ ಹೊತ್ತನ್ನು ಸಂಭಾಳಿಸುವುದೇ ಉಳಿದೆಲ್ಲ ಕೆಲಸ. ಹಾಗಾಗಿ ಎಷ್ಟು ಪುಟ, ಎಷ್ಟು ಬಟನ್ ಅಂತ ಎಣಿಸಬೇಡಿ. “ಆಗ ಏನು?” ಅನ್ನುವ ಪ್ರಶ್ನೆ ಎಷ್ಟು ಸಲ ಬರುತ್ತದೆ ಅಂತ ಎಣಿಸಿ. ಹೇಗೆ ಅಂತ ಮುಂದೆ ನೋಡೋಣ.

ಹಂತ 1: ಒಂದು ಆರ್ಡರನ್ನು ಕಾಗದದ ಮೇಲೆ ನಡೆಸಿ

ಲ್ಯಾಪ್‌ಟಾಪ್ ತೆಗೆಯಬೇಡಿ. ಯಜಮಾನರ ಎದುರು ಒಂದು ಹಾಳೆ ಇಟ್ಟುಕೊಂಡು ಒಂದೇ ಒಂದು ಆರ್ಡರನ್ನು ಮೊದಲಿಂದ ಕೊನೆಯವರೆಗೆ ನಡೆಸಿ. ತಿಪಟೂರಿನ ಒಬ್ಬರು 2 ಲೀಟರ್ ಕಡಲೆಕಾಯಿ ಎಣ್ಣೆ ಕೇಳಿದ್ದಾರೆ ಅಂದುಕೊಳ್ಳಿ. ಕೊರಿಯರ್ ಖರ್ಚು ಯಾರದು? ತೂಕದ ಮೇಲಾ, ಪಿನ್‌ಕೋಡ್ ಮೇಲಾ? ಹಣ ಬಂದ ಮೇಲೆ ಸ್ಟಾಕ್ ಇಲ್ಲ ಅಂತ ಗೊತ್ತಾದರೆ? ಡಬ್ಬ ಸೋರಿ ಹೋದರೆ? ಎರಡರಲ್ಲಿ ಒಂದು ಡಬ್ಬ ಮಾತ್ರ ವಾಪಸ್ ಅಂದರೆ? ಹಣ ವಾಪಸ್ ಮಾಡುವ ತೀರ್ಮಾನ ಯಾರದು, ಯಜಮಾನರದಾ, ಅವರು ಊರಲ್ಲಿಲ್ಲದಾಗ ಮಗನದಾ?

ಪ್ರತಿ ಪ್ರಶ್ನೆಯನ್ನೂ ಒಂದು ಸಾಲಾಗಿ ಬರೆಯಿರಿ. ಉತ್ತರ ಬರದಿದ್ದರೆ ಖಾಲಿ ಬಿಡಿ. ಆ ಖಾಲಿ ಜಾಗಗಳೇ ಆಮೇಲೆ ರಾತ್ರಿ ಹತ್ತಕ್ಕೆ ಫೋನ್ ಆಗಿ ಬರುವುದು.

ಈ ಕೂತಲ್ಲೇ ಕೆಲವು ಬೇಡಿಕೆಗಳು ಮೆಲ್ಲಗೆ ತಲೆ ಹಾಕುತ್ತವೆ. ಅವನ್ನು ಆಗಲೇ ಹಿಡಿಯಬೇಕು. “ಗ್ರಾಹಕರ ಕಾರ್ಡ್ ನಂಬರ್ ನಮ್ಮಲ್ಲೇ ಇರ್ಲಿ, ಮುಂದಿನ ಸಲ ಸುಲಭ ಆಗುತ್ತೆ” ಅಂದರು ನಮ್ಮ ಯಜಮಾನರು. ಆಗಲ್ಲ. 2022ರ ಅಕ್ಟೋಬರ್ 1ರಿಂದ ಅಂಗಡಿಯವರಾಗಲಿ, ಗೇಟ್‌ವೇ ಆಗಲಿ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಅದರ ಜಾಗದಲ್ಲಿ ಟೋಕನ್ ಅನ್ನುವ ಬದಲಿ ಸಂಖ್ಯೆ ಮಾತ್ರ. “ತಿಂಗಳಿಗೊಮ್ಮೆ ತಾನಾಗೇ ಹಣ ಕಟ್ ಆಗಿ ಎಣ್ಣೆ ಹೋಗ್ಲಿ” ಅಂತ ಇನ್ನೊಂದು. ಇದು ಆಗುತ್ತದೆ, ಆದರೆ ಬೇರೆಯದೇ ಕೆಲಸ. ಮೊದಲ ಸಲ ಗ್ರಾಹಕರೇ ಒಟಿಪಿ ಕೊಟ್ಟು ಒಪ್ಪಿಗೆ ಕೊಡಬೇಕು. ಪ್ರತಿ ಸಲ ಹಣ ಕಡಿಯುವ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕು. ಸಾಮಾನ್ಯ ಖರೀದಿಯಲ್ಲಿ ₹15,000 ದಾಟಿದರೆ ಮತ್ತೆ ಒಟಿಪಿ. ಇದನ್ನು “ಅದೂ ಸೇರಿಸ್ಬಿಡ್ತೀನಿ ಸಾರ್” ಅನ್ನಬೇಡಿ. ನಾನು ಅಂದಿದ್ದೆ.

ಹಂತ 2: ಕಾಗದಪತ್ರ ಮೊದಲ ದಿನವೇ

ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ, ಯಾವುದೇ ಗೇಟ್‌ವೇ ಇರಲಿ, ನಿಜವಾದ ಹಣ ಪಡೆಯಲು ಬೇಕಾದ ಲೈವ್ ಕೀ ಕೊಡುವ ಮೊದಲು ಕೆವೈಸಿ ಕೇಳುತ್ತಾರೆ. ಸುಮ್ನೆ ಸತಾಯಿಸಲು ಕೇಳುವುದಲ್ಲ. ಇಂಥ ಕಂಪನಿಗಳಿಗೆ (ಪೇಮೆಂಟ್ ಅಗ್ರಿಗೇಟರ್) ರಿಸರ್ವ್ ಬ್ಯಾಂಕ್ ಹಾಕಿರುವ ನಿಯಮಗಳಂತೆ ವ್ಯಾಪಾರಿ ಯಾರು, ಏನು ಮಾರುತ್ತಾರೆ ಅಂತ ಅವರು ನೋಡಲೇಬೇಕು.

ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ, ಇದ್ದರೆ ಜಿಎಸ್‌ಟಿ ನಂಬರ್, ಉದ್ಯಮ್ ಪ್ರಮಾಣಪತ್ರ. ತಿನ್ನುವ ವಸ್ತು ಆದ್ದರಿಂದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಕೂಡ. ಸೈಟ್‌ನಲ್ಲಿ ಸಂಪರ್ಕ, ನಿಯಮಗಳು, ಖಾಸಗಿತನ, ಸಾಗಣೆ, ಹಣ ವಾಪಸಾತಿ ಈ ಪುಟಗಳು ಇರಲೇಬೇಕು. ವಾಪಸಾತಿ ಪುಟವನ್ನು ಬೇರೆ ಸೈಟ್‌ನಿಂದ ಎತ್ತಿ ಹಾಕಬೇಡಿ. ಅಲ್ಲಿ “30 ದಿನದಲ್ಲಿ ವಾಪಸ್” ಅಂತಿದ್ದರೆ ನಾಳೆ ಗ್ರಾಹಕರು ಅದನ್ನೇ ತೋರಿಸುತ್ತಾರೆ. ಒಡೆದ ಎಣ್ಣೆ ಡಬ್ಬವನ್ನು ಯಾರು 30 ದಿನದ ಮೇಲೆ ವಾಪಸ್ ತಗೋತಾರೆ ಹೇಳಿ?

ನಾವು ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಪ್ಯಾನ್‌ನಲ್ಲಿ ಯಜಮಾನರ ಹೆಸರು ತಂದೆಯ ಹೆಸರಿನ ಜೊತೆ. ಬ್ಯಾಂಕ್‌ನಲ್ಲಿ ಬರೀ ಇನಿಷಿಯಲ್. ಜಿಎಸ್‌ಟಿಯಲ್ಲಿ ಅಂಗಡಿ ಹೆಸರಿನ ಸ್ಪೆಲಿಂಗ್ ಒಂದು, ಬೋರ್ಡ್ ಮೇಲೆ ಇನ್ನೊಂದು. ಎರಡು ಸಲ ಅರ್ಜಿ ವಾಪಸ್ ಬಂತು. ಹನ್ನೊಂದು ದಿನ ಹೋಯಿತು. ನಾನು ಕೂತು ಮಾಡಿದ ಕೆಲಸ ಒಟ್ಟು ಮೂರು ಗಂಟೆ ಇರಬಹುದು.

ಕೆಲಸದ ಗಂಟೆ ಬೇರೆ, ಕ್ಯಾಲೆಂಡರ್ ದಿನ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎಸ್‌ಎಂಎಸ್ ಕೂಡ ಇದೇ ಜಾತಿ. ಆರ್ಡರ್ ಬಂತು ಅಂತ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಮೊಬೈಲ್ ಕಂಪನಿಗಳ ಡಿಎಲ್‌ಟಿ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಕಳಿಸುವವರ ಹೆಸರು (ಹೆಡರ್), ಸಂದೇಶದ ನಮೂನೆ ಎಲ್ಲ ನೋಂದಣಿ ಆಗಬೇಕು. ಕೋಡ್ ಹತ್ತು ಸಾಲು, ಕಾಯುವುದು ಹಲವು ದಿನ.

ತೆರಿಗೆ ವಿಷಯ ಆಡಿಟರ್‌ಗೆ ಬಿಡಿ, ಆದರೆ ಒಂದು ಮಾತು ನೀವೇ ಕೇಳಿ: ಹೊಸೂರಿಗೋ ಹಿಂದೂಪುರಕ್ಕೋ ಕಳಿಸ್ತೀರಾ? ಹೊರರಾಜ್ಯಕ್ಕೆ ತೆರಿಗೆ ಬೀಳುವ ಸರಕು ಹೋದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಬಿಲ್‌ನಲ್ಲೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲು ಐಜಿಎಸ್‌ಟಿ ಬರುತ್ತದೆ. ಅದು ನಿಮ್ಮ ಬಿಲ್ ಕೋಡ್‌ಗೆ ಇನ್ನೊಂದು “ಆಗ ಏನು?”.

ಹಂತ 3: ಇಷ್ಟೆಲ್ಲ ಬೇಕೇ ಬೇಕಾ?

ದಿನಕ್ಕೆ ನಾಲ್ಕೈದು ಆರ್ಡರ್ ಇದ್ದರೆ ಗೇಟ್‌ವೇಯ ಪೇಮೆಂಟ್ ಲಿಂಕ್ ಸಾಕು. ಗೇಟ್‌ವೇ ಕೊಡುವ ಡ್ಯಾಶ್‌ಬೋರ್ಡ್ ಪುಟದಲ್ಲಿ ಮೊತ್ತ ಹಾಕಿ ಲಿಂಕ್ ಮಾಡಿ ಕಳಿಸುವುದು, ಅಷ್ಟೆ. ಕೋಡ್ ಇಲ್ಲ. ವಾಟ್ಸಾಪ್ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು. ಲಿಂಕ್‌ಗೆ ಹಣ ಬಂದರೆ ಡ್ಯಾಶ್‌ಬೋರ್ಡ್‌ನಲ್ಲೇ ಕಾಣುತ್ತದೆ.

ಅದಕ್ಕಿಂತ ಜಾಸ್ತಿ ಇದ್ದರೆ ವೂಕಾಮರ್ಸ್‌ನಂಥ ಸಿದ್ಧ ಆನ್‌ಲೈನ್ ಅಂಗಡಿ ಸಾಫ್ಟ್‌ವೇರ್‌ಗೆ ಗೇಟ್‌ವೇಯವರದೇ ಪ್ಲಗಿನ್. ಗೇಟ್‌ವೇಯ ಎಪಿಐ (ಎರಡು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ವ್ಯವಸ್ಥೆ) ಬಳಸಿ ಸ್ವಂತವಾಗಿ ಕೋಡ್ ಬರೆಯುವುದು ಕೊನೆಯ ದಾರಿ. ಕಾರ್ಡ್ ನಂಬರ್ ಕೇಳುವ ಫಾರ್ಮ್ ಅನ್ನು ನಿಮ್ಮದೇ ಪುಟದಲ್ಲಿ ಮಾಡುವ ಯೋಚನೆ ಬಂದರೆ ಎದ್ದು ಅಮಾನಿಕೆರೆ ಸುತ್ತ ಒಂದು ರೌಂಡ್ ಹಾಕಿ ಬನ್ನಿ. ಕಾರ್ಡ್ ವಿವರ ಮುಟ್ಟಿದರೆ ಪಿಸಿಐ ಡಿಎಸ್‌ಎಸ್ ಅನ್ನುವ ಭದ್ರತಾ ನಿಯಮಗಳ ದೊಡ್ಡ ಹೊರೆ ತಲೆ ಮೇಲೆ ಬರುತ್ತದೆ. ಹಣ ಕಟ್ಟಲು ಗೇಟ್‌ವೇಯ ಚೆಕ್‌ಔಟ್ ಕಿಟಕಿಯನ್ನೇ ತೆರೆಸಿ, ಆ ಹೊರೆಯ ಬಹುಪಾಲು ಅವರಲ್ಲೇ ಇರಲಿ.

ಹಂತ 4: ‘ಹಣ ಹೋಯ್ತು, ಆರ್ಡರ್ ಬಂದಿಲ್ಲ’

ಇಲ್ಲಿ ನಿಧಾನವಾಗಿ ಹೋಗೋಣ.

ಗ್ರಾಹಕರು ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತುತ್ತಾರೆ. ಮಾತು ಅವರ ಆ್ಯಪ್‌ನಿಂದ ಅವರ ಬ್ಯಾಂಕ್‌ಗೆ, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ವ್ಯವಸ್ಥೆ, ಆಚೆ ಗೇಟ್‌ವೇಯ ಬ್ಯಾಂಕ್, ಆಮೇಲೆ ಗೇಟ್‌ವೇ, ಕೊನೆಗೆ ನಮ್ಮ ಸರ್ವರ್. ಇಷ್ಟು ಕೈ ದಾಟಬೇಕು. ಇವುಗಳಲ್ಲಿ ಯಾವ ಕೈಯಾದರೂ ತಡ ಮಾಡಬಹುದು.

ಈ ಸರಪಳಿಯ ಹೊರಗೆ ಇನ್ನೊಂದಿದೆ, ಗ್ರಾಹಕರ ಬ್ರೌಸರ್. ನಾವು ಹೊಸಬರು ಇದನ್ನೇ ನಂಬುತ್ತೇವೆ. ‘ಧನ್ಯವಾದ’ ಪುಟ ತೆರೆದರೆ ಆರ್ಡರ್ ಪಕ್ಕಾ ಅಂತ ಕೋಡ್ ಬರೆಯುತ್ತೇವೆ. ಆದರೆ ಯುಪಿಐ ಆ್ಯಪ್ ತೆರೆದ ಕ್ಷಣ ಬ್ರೌಸರ್ ಹಿಂದೆ ಸರಿಯುತ್ತದೆ. ಕಡಿಮೆ ಮೆಮೊರಿಯ ಆಂಡ್ರಾಯ್ಡ್ ಫೋನ್ ಆದರೆ ಅದನ್ನು ಮುಚ್ಚಿಯೇ ಬಿಡುತ್ತದೆ. ಹಣ ಕಟ್ ಆದ ಮೆಸೇಜ್ ನೋಡಿ “ಆಯ್ತಲ್ಲ” ಅಂತ ಗ್ರಾಹಕರೇ ಫೋನ್ ಜೇಬಿಗೆ ಹಾಕುವುದೂ ಉಂಟು. ‘ಧನ್ಯವಾದ’ ಪುಟ ತೆರೆಯಲೇ ಇಲ್ಲ. ನಮ್ಮ ಸೈಟ್ ಪ್ರಕಾರ ಆರ್ಡರ್ ಇಲ್ಲ.

ಹಾಗಾಗಿ ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ: ಗ್ರಾಹಕರ ಹಣ ಹೋಯ್ತಾ, ಗೇಟ್‌ವೇಗೆ ಗೊತ್ತಾ, ನಮಗೆ ಗೊತ್ತಾ. ಹೌದು, ಇಲ್ಲ, ಇನ್ನೂ ತಿಳಿದಿಲ್ಲ ಅಂತ ತುಂಬುತ್ತಾ ಹೋಗಿ. ಮೂರೂ ಹೌದು ಅನ್ನುವ ಒಂದು ಸಾಲಿಗೆ ಮಾತ್ರ ನಾನು ಮೂರು ದಿನ, ಎಂಟು ಸಾವಿರ ಹೇಳಿದ್ದು. ಉಳಿದ ಸಾಲುಗಳು ಹೀಗಿರುತ್ತವೆ.

ಹಣ ಹೋಗಿದೆ, ಗೇಟ್‌ವೇಗೆ ಗೊತ್ತು, ನಮಗೆ ಗೊತ್ತಿಲ್ಲ. ಬ್ರೌಸರ್ ಸತ್ತ ಕಥೆ ಇದೇ. ಇದಕ್ಕೆ ವೆಬ್‌ಹುಕ್ ಬೇಕು. ಅಂದರೆ ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ಬಂದು “ಈ ಹಣ ಬಂದಿದೆ” ಅಂತ ಹೇಳುವ ವ್ಯವಸ್ಥೆ.

ಹಣ ಹೋಗಿದೆ, ಗೇಟ್‌ವೇಗೂ ಗೊತ್ತಿಲ್ಲ. ಬ್ಯಾಂಕ್ ಕಡೆ ಸಿಕ್ಕಿಕೊಂಡಿದೆ. ಇದು ಸ್ವಲ್ಪ ಹೊತ್ತಿಗೆ ಯಶಸ್ಸಾಗಬಹುದು, ಇಲ್ಲವೇ ಹಣ ವಾಪಸ್ ಹೋಗಬಹುದು. ಗ್ರಾಹಕರಿಗೆ ‘ವಿಫಲ’ ಅಂತ ತೋರಿಸಿದರೆ ಅವರು ಮತ್ತೆ ಕಟ್ಟುತ್ತಾರೆ, ಆಮೇಲೆ ಮೊದಲನೆಯದೂ ಯಶಸ್ಸಾಗಿ ಎರಡು ಸಲ ಹಣ ಬರುತ್ತದೆ. ಅದಕ್ಕೇ ‘ಖಚಿತವಾಗುತ್ತಿದೆ, ದಯವಿಟ್ಟು ಮತ್ತೆ ಕಟ್ಟಬೇಡಿ’ ಅನ್ನುವ ಪುಟವೇ ಬೇರೆ ಬೇಕು. ಗ್ರಾಹಕರಿಗೆ ಹೇಳಲು ಒಂದು ನಿಯಮವೂ ಇದೆ. ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ಅಂಗಡಿಗೆ ಖಾತ್ರಿ ತಲುಪದೆ ಸಿಕ್ಕಿಕೊಂಡ ಯುಪಿಐ ಹಣ, ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ.

ಹಣ ತಡವಾಗಿ ಬಂತು, ಅಷ್ಟರಲ್ಲಿ ನಾವೇ ಆರ್ಡರ್ ರದ್ದು ಮಾಡಿದ್ದೆವು. ಇದರಲ್ಲಿ ನಾನು ಚೆನ್ನಾಗಿ ಪಾಠ ಕಲಿತೆ. ವೂಕಾಮರ್ಸ್‌ನಲ್ಲಿ ಸ್ಟಾಕ್ ಲೆಕ್ಕ ಆನ್ ಇದ್ದರೆ, ಹಣ ಬಾರದ ಆರ್ಡರ್‌ಗೆ ಸ್ಟಾಕ್ ಹಿಡಿದಿಡುವ ಹೊತ್ತು ಮೊದಲೇ 60 ನಿಮಿಷ ಅಂತ ಇರುತ್ತದೆ. ಅದು ದಾಟಿದರೆ ಆರ್ಡರ್ ರದ್ದು. ಕೊರಟಗೆರೆಯ ಒಬ್ಬರು ಮೇಷ್ಟ್ರು ಹಣ ಕಟ್ಟಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ ಖಾತ್ರಿ ಆಗಿ ಬಂತು. ಸೈಟ್‌ನಲ್ಲಿ ಆರ್ಡರ್ ರದ್ದಾಗಿತ್ತು, ನನ್ನ ಕೋಡ್ ರದ್ದಾದ ಆರ್ಡರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಣ ನಮ್ಮ ಹತ್ತಿರ, ಎಣ್ಣೆಯೂ ನಮ್ಮ ಹತ್ತಿರ. ನಾಲ್ಕು ದಿನ ಕಾದು ಅವರು ಫೋನ್ ಮಾಡಿದರು. ಪಾಪ, ಬೈಯಲಿಲ್ಲ. “ನನ್ನಿಂದೇನಾದ್ರೂ ತಪ್ಪಾಯ್ತಾ ನೋಡಿ ಸಾರ್” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಹಣ ತಡೆಹಿಡಿದಿದೆ, ಆದರೆ ನಾವು ಪಡೆದುಕೊಂಡಿಲ್ಲ. ಕಾರ್ಡ್ ವಹಿವಾಟಿನಲ್ಲಿ ‘ಅಥರೈಸ್ಡ್’, ‘ಕ್ಯಾಪ್ಚರ್ಡ್’ ಅಂತ ಎರಡು ಹೆಜ್ಜೆ. ಎರಡನೆಯದು ಆಗದಿದ್ದರೆ ಕೆಲವು ದಿನದ ಮೇಲೆ ಹಣ ಗ್ರಾಹಕರಿಗೇ ವಾಪಸ್ ಹೋಗುತ್ತದೆ. ಮಾಲು ಕಳಿಸಿ ಆಗಿದ್ದರೆ ಕಥೆ ಮುಗಿಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಆಟೊ ಕ್ಯಾಪ್ಚರ್ ಇದೆಯಾ ಅಂತ ಮೊದಲ ದಿನವೇ ನೋಡಿ.

ಇನ್ನು ಕೊನೆಯ ಎರಡು ಡಬ್ಬಕ್ಕೆ ಮೂವರು ಹಣ ಕಟ್ಟುವುದು, ಅರ್ಧದಲ್ಲಿ ಬಿಟ್ಟು ಹೋಗುವುದು, ಎರಡು ಟ್ಯಾಬ್‌ನಲ್ಲಿ ಒಂದೇ ಖರೀದಿ ಬುಟ್ಟಿ (ಕಾರ್ಟ್) ತೆರೆದಿರುವುದು, ಇವೆಲ್ಲ ನೀವೇ ಸೇರಿಸಿಕೊಳ್ಳಿ. ಎಣ್ಣೆ ಅಂಗಡಿಯ ಹಾಳೆಯಲ್ಲಿ ಕೊನೆಗೆ 23 ಸಾಲು ಆಗಿತ್ತು.

ಹಂತ 5: ಸರ್ವರ್ ಕಡೆ ಕೈ ಜಾರುವ ಜಾಗಗಳು

ಪ್ಲಗಿನ್ ಬಳಸುವವರಿಗೆ ಇದರಲ್ಲಿ ಒಂದಿಷ್ಟು ಸಿದ್ಧವಾಗಿಯೇ ಸಿಗುತ್ತದೆ. ಆದರೂ ಒಳಗೆ ಏನಾಗುತ್ತದೆ ಅಂತ ಗೊತ್ತಿರಬೇಕು, ಕೆಟ್ಟಾಗ ರಿಪೇರಿ ಮಾಡುವವರು ನೀವೇ ಅಲ್ವಾ.

ಮೊತ್ತವನ್ನು ಬ್ರೌಸರ್‌ನಿಂದ ತೆಗೆದುಕೊಳ್ಳಬೇಡಿ. ಅಲ್ಲಿ ₹780 ಇದ್ದದ್ದನ್ನು ₹7 ಮಾಡುವುದು ಕಾಲೇಜು ಹುಡುಗರಿಗೂ ಗೊತ್ತು. ಬುಟ್ಟಿಯಲ್ಲಿ ಏನಿದೆ ಅಂತ ಮಾತ್ರ ಕೇಳಿ, ಬೆಲೆಯನ್ನು ನಿಮ್ಮ ಡೇಟಾಬೇಸ್‌ನಿಂದ ಕೂಡಿಸಿ, ಸರ್ವರ್‌ನಲ್ಲೇ ಗೇಟ್‌ವೇ ಆರ್ಡರ್ ತೆರೆಯಿರಿ.

ರೇಜರ್‌ಪೇಯಂಥ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ. ₹499 ಅಂದರೆ 49900. ಸುಲಭ ಅನ್ನಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ 19.99 ಅನ್ನು 100ರಿಂದ ಗುಣಿಸಿ ನೋಡಿ. 1999 ಬರುವುದಿಲ್ಲ, 1998.9999999999998 ಬರುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ಅದನ್ನು ಪೂರ್ಣಾಂಕಕ್ಕೆ ಕತ್ತರಿಸಿದರೆ ಒಂದು ಪೈಸೆ ಹೋಯಿತು, ಆರ್ಡರ್ ಮೊತ್ತ, ಬಂದ ಮೊತ್ತ ತಾಳೆ ಆಗುವುದಿಲ್ಲ. ಮೊದಲಿಂದ ಕೊನೆಯವರೆಗೆ ಪೈಸೆಯಲ್ಲೇ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ.

ವೆಬ್‌ಹುಕ್ ವಿಳಾಸ ಯಾರಿಗೆ ಬೇಕಾದರೂ ತೆರೆದಿರುತ್ತದೆ. ಬಂದ ಸುದ್ದಿ ಗೇಟ್‌ವೇಯದ್ದೇನಾ ಅಂತ ಸಹಿ ನೋಡಿ ತಿಳಿಯಬೇಕು. ಸಾಮಾನ್ಯವಾಗಿ ಅದು ಸುದ್ದಿಯನ್ನೂ ಒಂದು ಗುಟ್ಟಿನ ಪದವನ್ನೂ ಸೇರಿಸಿ ಲೆಕ್ಕ ಹಾಕುವ ಎಚ್‌ಮ್ಯಾಕ್ ಶಾ-256 ಸಹಿ. ಇಲ್ಲಿ ನಾನು ಎರಡು ದಿನ ಕಳೆದೆ. ಸಹಿ ಎಷ್ಟು ಸಲ ನೋಡಿದರೂ ತಪ್ಪು ಅಂತಲೇ ಬರುತ್ತಿತ್ತು. ಕಾರಣ ಇಷ್ಟೇ: ಸುದ್ದಿ ಬರುವ ಜೇಸನ್ ರೂಪದ ಬರಹವನ್ನು ಬಿಚ್ಚಿ, ಮತ್ತೆ ಕಟ್ಟಿ, ಅದರ ಮೇಲೆ ಸಹಿ ಲೆಕ್ಕ ಹಾಕುತ್ತಿದ್ದೆ. ಒಂದು ಖಾಲಿ ಜಾಗ ಆಚೀಚೆ ಆದರೂ ಸಹಿ ಬದಲಾಗುತ್ತದೆ. ಬಂದದ್ದನ್ನು ಬಂದ ಹಾಗೇ, ಕಚ್ಚಾ ರೂಪದಲ್ಲೇ ಲೆಕ್ಕಕ್ಕೆ ತಗೋಬೇಕು. ರೇಜರ್‌ಪೇಯಂಥದ್ದರಲ್ಲಿ ಅದೂ ವೆಬ್‌ಹುಕ್‌ಗೆ ಅಂತಲೇ ಇರುವ ಗುಟ್ಟಿನ ಪದದಿಂದ, ಎಪಿಐ ಕೀಯಿಂದ ಅಲ್ಲ.

ಒಂದೇ ಸುದ್ದಿ ಎರಡು ಸಲ ಬರಬಹುದು. ನಮ್ಮ ಸರ್ವರ್ ಬೇಗ ‘ಸರಿ’ ಅನ್ನದಿದ್ದರೆ ಗೇಟ್‌ವೇ ಮತ್ತೆ ಕಳಿಸುತ್ತದೆ. ನನ್ನ ಕೋಡ್ ಸುದ್ದಿ ಬಂದ ತಕ್ಷಣ ಬಿಲ್ ಮಾಡಿ, ಇಮೇಲ್ ಕಳಿಸಿ, ಆಮೇಲೆ ‘ಸರಿ’ ಅನ್ನುತ್ತಿತ್ತು. ಅಷ್ಟರಲ್ಲಿ ಎರಡನೇ ಸಲ ಬಂದು ಎರಡನೇ ಬಿಲ್ ಆಗುತ್ತಿತ್ತು. ಯಜಮಾನರ ಫೋನ್: “ಸಾರ್, ಒಂದೇ ಹೆಸರಿಗೆ ಎರಡು ಬಾಕ್ಸ್ ಕಟ್ಟಿಸಿದೀನಿ. ಎರಡೂ ಕಳಿಸ್ಲಾ?”

ಪರಿಹಾರ ಹೀಗಿದೆ. ಸುದ್ದಿಯನ್ನು ಬರೆದಿಟ್ಟುಕೊಂಡು ತಕ್ಷಣ ‘ಸರಿ’ ಅನ್ನಿ, ಉಳಿದ ಕೆಲಸ ಹಿಂದೆ ನಡೆಯಲಿ. ಪೇಮೆಂಟ್ ಐಡಿಗೆ ಡೇಟಾಬೇಸ್‌ನಲ್ಲೇ ‘ಒಂದು ಐಡಿ ಒಂದೇ ಸಲ’ ಅನ್ನುವ ಯೂನಿಕ್ ನಿಯಮ ಹಾಕಿ. ‘ಮೊದಲೇ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸು’ ಅಂತ ಕೋಡ್‌ನಲ್ಲಿ ಬರೆದರೆ ಸಾಲದು. ಎರಡು ಸುದ್ದಿ ಒಂದೇ ಕ್ಷಣ ಬಂದರೆ ಎರಡೂ ‘ಇಲ್ಲ’ ಅಂತ ಓದುತ್ತವೆ. ಡೇಟಾಬೇಸ್ ತಾನೇ ಬೇಡ ಅಂದರೆ ಮಾತ್ರ ನಿಲ್ಲುತ್ತದೆ.

ಸುದ್ದಿಗಳು ಹಿಂದುಮುಂದಾಗಿಯೂ ಬರುತ್ತವೆ. ‘ಹಣ ಬಂತು’ ಆದ ಮೇಲೆ ‘ವಿಫಲ’ ಬಂದರೆ ಕುರುಡಾಗಿ ಆರ್ಡರನ್ನು ಹಿಂದಕ್ಕೆ ತಳ್ಳಬಾರದು. ಅದೇ ಆರ್ಡರ್‌ನ ಹಳೆಯ ಪ್ರಯತ್ನದ ಸುದ್ದಿ ಈಗ ತಲುಪಿರಬಹುದು.

ಕೆಲವು ಸಲ ಸುದ್ದಿ ಬರುವುದೇ ಇಲ್ಲ. ಹೋಸ್ಟಿಂಗ್ ಮಲಗಿರುತ್ತದೆ, ಇಲ್ಲವೇ ಸೆಕ್ಯುರಿಟಿ ಪ್ಲಗಿನ್ ಗೇಟ್‌ವೇಯನ್ನೇ ಕಳ್ಳ ಅಂತ ತಡೆದಿರುತ್ತದೆ. ಅದಕ್ಕೆ ಹದಿನೈದು ನಿಮಿಷಕ್ಕೊಮ್ಮೆ, ಬಾಕಿ ಇರುವ ಮತ್ತು ಈಚೆಗೆ ರದ್ದಾದ ಆರ್ಡರ್‌ಗಳ ಬಗ್ಗೆ ನಾವೇ ಗೇಟ್‌ವೇಯನ್ನು ಕೇಳುವ, ತಾನಾಗಿ ಓಡುವ ಒಂದು ಸಣ್ಣ ಕ್ರಾನ್ ಕೆಲಸ ಹಾಕಿ. ಇದೊಂದನ್ನು ಮೊದಲೇ ಮಾಡಿದ್ದರೆ ಮೇಷ್ಟ್ರ ಆರ್ಡರ್ ಆಗಲೇ ಕಣ್ಣಿಗೆ ಬೀಳುತ್ತಿತ್ತು.

ಹಂತ 6: ಹಾಳು ಮಾಡಿ ನೋಡಿ

ಟೆಸ್ಟ್ ಮೋಡ್‌ನಲ್ಲಿ 4111ರಿಂದ ಶುರುವಾಗುವ ಸುಳ್ಳು ಕಾರ್ಡ್ ಹಾಕಿದರೆ ಸಲೀಸಾಗಿ ಹೋಗುತ್ತದೆ. ಅದರಲ್ಲಿ ಬ್ಯಾಂಕ್ ತಡ ಮಾಡುವುದಿಲ್ಲ, ನೆಟ್‌ವರ್ಕ್ ಹೋಗುವುದಿಲ್ಲ. ಹಾಗಾಗಿ ಲೈವ್ ಕೀ ಬಂದ ಮೇಲೆ ₹1ರ ಒಂದು ಗುಟ್ಟಿನ ವಸ್ತು ಮಾಡಿ, ನಿಜವಾದ ಫೋನ್‌ಗಳಲ್ಲಿ ಕಟ್ಟಿ. ಮನೆಯಲ್ಲಿರುವ ಅತಿ ಹಳೆಯ ಫೋನ್ ಬಿಡಬೇಡಿ.

ಪಿನ್ ಒತ್ತಿದ ಕೂಡಲೇ ಡೇಟಾ ಆಫ್ ಮಾಡಿ. ಬ್ರೌಸರ್ ಮುಚ್ಚಿ. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಒತ್ತಿ. ಇನ್‌ಸ್ಟಾಗ್ರಾಂ ಒಳಗೇ ಲಿಂಕ್ ತೆರೆದು ಕಟ್ಟಲು ನೋಡಿ. ಅದರೊಳಗಿನ ಬ್ರೌಸರ್‌ನಿಂದ ಯುಪಿಐ ಆ್ಯಪ್ ತೆರೆಯದೇ ಹೋಗುವುದುಂಟು, ಎಣ್ಣೆ ಅಂಗಡಿಯ ಗ್ರಾಹಕರಲ್ಲಿ ಅರ್ಧ ಜನ ಅಲ್ಲಿಂದಲೇ ಬರುತ್ತಿದ್ದರು. ಬೇಗ ತೋರಿಸಲು ಪುಟಗಳ ನಕಲು ಇಟ್ಟುಕೊಳ್ಳುವ ಕ್ಯಾಶ್ (cache) ಪ್ಲಗಿನ್ ಇದ್ದರೆ ಚೆಕ್‌ಔಟ್ ಪುಟವನ್ನು ಅದರಿಂದ ಹೊರಗಿಡಿ. ಇಲ್ಲದಿದ್ದರೆ ಒಬ್ಬರ ಹಳೆಯ ಪುಟ ಇನ್ನೊಬ್ಬರಿಗೆ ಕಾಣುತ್ತದೆ.

ಹಂತ 7: ಬ್ಯಾಂಕ್‌ಗೆ ಬಂದ ಹಣ ಯಾಕೆ ಕಮ್ಮಿ?

ಲೈವ್ ಆದ ಮೂರನೇ ದಿನ ಈ ಪ್ರಶ್ನೆ ಬಂದೇ ಬರುತ್ತದೆ. ₹500ರ ಹತ್ತು ಆರ್ಡರ್, ₹5,000. ಎಲ್ಲವೂ ನೆಟ್‌ಬ್ಯಾಂಕಿಂಗ್‌ನಲ್ಲಿ ಬಂದಿವೆ, ಗೇಟ್‌ವೇ ಶುಲ್ಕ 2% ಅಂದುಕೊಳ್ಳಿ. ಶುಲ್ಕ ₹100, ಅದರ ಮೇಲೆ 18% ಜಿಎಸ್‌ಟಿ ₹18. ಖಾತೆಗೆ ಬರುವುದು ₹4,882. ಅದೇ ದಿನ ಒಂದು ಆರ್ಡರ್ ವಾಪಸ್ ಆಗಿದ್ದರೆ ₹4,382. ಇದೂ ಒಟ್ಟು ಮೊತ್ತವಾಗಿ ಬರುತ್ತದೆ, ಆರ್ಡರ್‌ಗೊಂದರಂತೆ ಅಲ್ಲ. ಸಾಮಾನ್ಯವಾಗಿ ಎರಡು ಕೆಲಸದ ದಿನ ಬಿಟ್ಟು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ ಬೇರೆ.

2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಬ್ಯಾಂಕ್ ಕಡೆಯವರು ಕಡಿಯುವ ಶುಲ್ಕ, ಇಲ್ಲ. ಆದರೂ ಗೇಟ್‌ವೇ ತನ್ನ ಸೇವೆಗೆ ಶುಲ್ಕ ಹಾಕಬಹುದು. ಒಪ್ಪಂದದಲ್ಲಿ ಯಾವುದಕ್ಕೆ ಎಷ್ಟು ಅಂತ ಓದಿ ಯಜಮಾನರಿಗೆ ಮೊದಲೇ ಹೇಳಿಬಿಡಿ.

ವಾಪಸ್ ಮಾಡಿದರೂ ಮೊದಲು ಕಡಿದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಗೇಟ್‌ವೇಯಲ್ಲಿ ಆ ದಿನ ನಮ್ಮ ಬಾಕಿ ಹಣ ಸಾಲದಿದ್ದರೆ ವಾಪಸಾತಿಯೇ ನಿಲ್ಲಬಹುದು. ಕಾರ್ಡ್‌ದಾರರು ಬ್ಯಾಂಕ್‌ಗೆ ದೂರು ಕೊಟ್ಟರೆ ಮಾಲು ತಲುಪಿದ ಪುರಾವೆಯನ್ನು ಗಡುವಿನೊಳಗೆ ಕೊಡಬೇಕು. ಕೊರಿಯರ್ ರಸೀದಿಗಳನ್ನು ಆರ್ಡರ್ ನಂಬರ್ ಬರೆದು ಇಡಲು ಹೇಳಿ.

ಒಂದು ಸಣ್ಣ ಕಾಟ. ನಮ್ಮ ಸರ್ವರ್ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ಗೇಟ್‌ವೇ ವರದಿ ಭಾರತದ ಸಮಯದಲ್ಲಿ. ಐದೂವರೆ ಗಂಟೆ ವ್ಯತ್ಯಾಸ. ಬೆಳಗಿನ ಜಾವ ಐದಕ್ಕೆ ಬಂದ ಆರ್ಡರ್ ನಮ್ಮ ಲೆಕ್ಕದಲ್ಲಿ ಹಿಂದಿನ ದಿನದ್ದು. ತಿಂಗಳ ಕೊನೆಯಲ್ಲಿ ಆಡಿಟರ್ ಮುಂದೆ ಎರಡು ಪಟ್ಟಿ ತಾಳೆ ಆಗದೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಹಂತ 8: ಈಗ ದಿನ, ದುಡ್ಡು ಹೇಳಿ

ಹಾಳೆಯ ‘ಆಗ ಏನು?’ ಸಾಲುಗಳನ್ನು ಎಣಿಸಿ. ಒಂದೊಂದಕ್ಕೆ ಅರ್ಧ ದಿನ ಹಾಕಿ. 23 ಸಾಲಿಗೆ ಹನ್ನೊಂದೂವರೆ ದಿನ. ಇದು ಒರಟು ಲೆಕ್ಕ, ಆದರೆ ತಲೆಯಲ್ಲಿ ಹಾಕಿದ ಮೂರು ದಿನಕ್ಕಿಂತ ನಿಜಕ್ಕೆ ಹತ್ತಿರ.

ಈಗ ಪ್ಲಗಿನ್ ಹಾಕುವ ಸಣ್ಣ ಅಂಗಡಿಗೆ ನಾನು ಇಟ್ಟುಕೊಳ್ಳುವ ಲೆಕ್ಕ ಹೀಗಿದೆ. ಬಟನ್ ಮತ್ತು ಪುಟಗಳಿಗೆ 1 ದಿನ. ವೆಬ್‌ಹುಕ್ ಮತ್ತು ಮೇಲಿನ ಸ್ಥಿತಿಗಳಿಗೆ 4. ವಾಪಸಾತಿ, ರದ್ದತಿ 2. ಲೆಕ್ಕದ ವರದಿ 2. ಸಂದೇಶಗಳು 1. ಪರೀಕ್ಷೆ 3. ಕೆವೈಸಿ ಓಡಾಟ 1. ಲೈವ್ ಆದ ಮೇಲೆ ಕಾವಲು 2. ಒಟ್ಟು 16 ದಿನದ ಕೆಲಸ, ಕ್ಯಾಲೆಂಡರ್‌ನಲ್ಲಿ ಐದಾರು ವಾರ. ಬಟನ್‌ನ ಪಾಲು ಎಷ್ಟು ನೋಡಿ.

ಇಷ್ಟು ಹೇಳಿದರೆ ಅಂಗಡಿಯವರು ಓಡಿಹೋಗುತ್ತಾರೆ ಅನ್ನುವ ಭಯ ನನಗೂ ಇತ್ತು. ಅದಕ್ಕೆ ಎರಡು ಕಂತು ಮಾಡುತ್ತೇನೆ. ಮೊದಲ ಕಂತಿನಲ್ಲಿ ಹಾಳೆಯ ಕೆಲಸ, ಕೆವೈಸಿ, ಪೇಮೆಂಟ್ ಲಿಂಕ್ ಶುರು. ಇದಕ್ಕೆ ಬೇರೆ ದುಡ್ಡು, ಮುಂಗಡ. ಒಂದು ವಾರ ಲಿಂಕ್‌ನಲ್ಲಿ ವ್ಯಾಪಾರ ನಡೆದ ಮೇಲೆ ಎರಡನೇ ಕಂತಿನ ಬೆಲೆ ಹೇಳುತ್ತೇನೆ. ಅಷ್ಟರಲ್ಲಿ ಇಬ್ಬರಿಗೂ ಕೆಲಸದ ಅಂದಾಜು ಬಂದಿರುತ್ತದೆ. ಕೆಲವರು ಲಿಂಕ್ ಸಾಕು ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಅದೂ ಒಳ್ಳೆಯದೇ.

ಏನು ಸೇರಿಲ್ಲ ಅಂತಲೂ ಬರೆದು ಕೊಡಿ: ತಿಂಗಳ ಆಟೊ ಡೆಬಿಟ್, ವಿದೇಶಿ ಕಾರ್ಡ್, ಟ್ಯಾಲಿಗೆ ಜೋಡಣೆ.

ನಡುವೆ ಕೆಲಸ ಬೆಳೆದದ್ದು ಗೊತ್ತಾದರೆ ಆ ವಾರವೇ ಹೇಳಿ. ನಾನು ಮೂರು ವಾರ “ನಾಳೆ ಆಗುತ್ತೆ ಸಾರ್” ಅಂತ ತಳ್ಳಿದೆ. ಯಜಮಾನರಿಗೆ ಸಿಟ್ಟು ಬಂದದ್ದು ತಡವಾದದ್ದಕ್ಕಲ್ಲ. “ಮೊದಲೇ ಹೇಳಿದ್ರೆ ಕರಪತ್ರ ಹಂಚ್ತಿರ್ಲಿಲ್ಲ” ಅಂದರು. ಸಾವಿರ ಕರಪತ್ರ ಅಚ್ಚಾಗಿ ಊರೆಲ್ಲ ಹೋಗಿತ್ತು.

ಹಂತ 9: ಲೈವ್ ಮಾಡುವ ದಿನ, ಗಲ್ಲಾ ಪಕ್ಕದ ಹಾಳೆ

ಶುಕ್ರವಾರ ಸಂಜೆ ಬೇಡ. ದೀಪಾವಳಿ, ಯುಗಾದಿ ವಾರವಂತೂ ಬೇಡವೇ ಬೇಡ. ಮಂಗಳವಾರ ಬೆಳಗ್ಗೆ ಮಾಡಿ, ಆ ವಾರ ಬೇರೆ ಕೆಲಸ ಒಪ್ಪಿಕೊಳ್ಳಬೇಡಿ. ಮೊದಲ ಎರಡು ವಾರ ದಿನಾ ಬೆಳಗ್ಗೆ ಗೇಟ್‌ವೇ ಪಟ್ಟಿ, ಸೈಟ್ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ.

ಕೊನೆಗೆ ಅಂಗಡಿಯವರಿಗೆ ಒಂದು ಹಾಳೆ ಬರೆದುಕೊಡಿ. ಹಣ ಹೋಯ್ತು ಅಂತ ಫೋನ್ ಬಂದರೆ ಏನು ಮಾಡಬೇಕು ಅಂತ. ನಮ್ಮ ಹಾಳೆಯಲ್ಲಿ ಇದ್ದದ್ದು ಹೀಗೆ: ದಿನ, ಮೊತ್ತ ಮತ್ತು ಯುಪಿಐ ವಹಿವಾಟಿನ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಕೇಳುವುದು. ಪಿನ್, ಒಟಿಪಿ ಯಾವತ್ತೂ ಕೇಳಬಾರದು. ಡ್ಯಾಶ್‌ಬೋರ್ಡ್‌ನಲ್ಲಿ ಹುಡುಕುವುದು. ಹಣ ಬಂದಿದ್ದರೆ ಆರ್ಡರ್ ಕೈಯಲ್ಲೇ ಹಾಕಿ ಮಾಲು ಕಳಿಸುವುದು. ಬಂದಿಲ್ಲದಿದ್ದರೆ 5 ದಿನದ ನಿಯಮ ಹೇಳುವುದು, ಆಮೇಲೂ ಬಾರದಿದ್ದರೆ ಅವರ ಬ್ಯಾಂಕ್‌ಗೆ ದೂರು ಕೊಡಲು ಹೇಳುವುದು. ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬಾರದು.

ಮುಂದಿನ ವಾರ ಹೋದಾಗ ಹಾಳೆ ಗಲ್ಲಾ ಪಕ್ಕ ಅಂಟಿಸಿತ್ತು. ಎಲ್ಲದಕ್ಕಿಂತ ಮೇಲೆ ಯಜಮಾನರು ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದರು: ‘ಮೊದಲು ಅವರು ಬೈಯೋದು ಮುಗಿಯೋವರೆಗೂ ಸುಮ್ನೆ ಕೇಳಿಸ್ಕೊಳ್ಳೋದು.’